ಮಂದಾನಿಲವೂ ನೆಲದ ಕಾವೂ

ಮದರಾಸಿನ ನುಂಗಂಬಾಕ್ಕದಲ್ಲಿ 1792ರಲ್ಲಿ ಕಂಪನಿ ಸರಕಾರದ ವೀಕ್ಷಣಾಲಯಕ್ಕೆ ಕಟ್ಟಡವೆದ್ದಿತು. 1796ರಿಂದ ಅಲ್ಲಿಯ ಹವೆಯ ದಾಖಲೆಗಳು ದೊರೆಯುತ್ತವೆ. ಉಷ್ಣತೆ, ವಾಯುಭಾರ, ಗಾಳಿ ಇವುಗಳ ಲೆಕ್ಕ ಇಂಥ ಪುಸ್ತಕಗಳಲ್ಲಿ ಉಂಟು. ಆದರೆ ಬಿಸಿಲಿಗೆ ಕಾದ ನೆಲದಿಂದ ಎಷ್ಟು ಕಾವು ಗಾಳಿಗೆ ಏರಿತು, ನೆಲವು ಗಾಳಿಯ ಓಟವನ್ನು ಎಷ್ಟು ತಡೆಯಿತು ಎಂಬುದನ್ನು ಅವು ಹೇಳಲಾರವು. ಇವೆರಡನ್ನೂ ಸಾಮಾನ್ಯವಾಗಿ ಸೂತ್ರದಿಂದಲೇ ಗಣಿಸಬೇಕು. ಸೂತ್ರದಲ್ಲಿ ದೋಷವಿದ್ದರೆ ಮಳೆಯ ಮುನ್ಸೂಚನೆಗೂ ಅದು ಅಂಟದೆ ಬಿಡದು.

ರೂಢಿಯ ಸೂತ್ರ ಇದು: ನೆಲದ ಘರ್ಷಣೆ ಗಾಳಿಯ ವೇಗದ ವರ್ಗದಂತೆ ಬೆಳೆಯುತ್ತದೆ, ಕಾವಿನ ಪ್ರವಾಹ ವೇಗವನ್ನೂ ನೆಲ–ಗಾಳಿಗಳ ಉಷ್ಣತೆಯ ಅಂತರವನ್ನೂ ಗುಣಿಸಿದಷ್ಟು. ಹಾಗಾದರೆ ಗಾಳಿ ನಿಂತೊಡನೆ ಕಾವಿನ ಪ್ರವಾಹವೂ ನಿಲ್ಲಬೇಕಷ್ಟೆ! ಕಡಲಗಾಳಿ ಬೀಸುವ ಮೊದಲು ಚೆನ್ನೈಯ ಮಹಡಿಯ ಮೇಲೆ ನಿಂತವರಾರೂ ಇದನ್ನು ಒಪ್ಪರು. ರಷ್ಯದ ಮೋನಿನ್ ಮತ್ತು ಒಬುಖೋವ್ 1954ರಲ್ಲಿ ಇದನ್ನು ತಿದ್ದಿದರು. ಅಮೆರಿಕದ ಕಾನ್ಸಾಸ್ ಬಯಲಿನಲ್ಲಿ 1968ರಲ್ಲಿ ನಡೆದ ಅಳತೆಗಳು ಆ ತತ್ತ್ವಕ್ಕೆ ಅಂಕಿಗಳನ್ನು ಒದಗಿಸಿದವು. ಆದರೂ ಅದರ ಅಳತೆಗೋಲು ಘರ್ಷಣೆಯಿಂದಲೇ ಹುಟ್ಟಿದ್ದು. ಗಾಳಿ ತೀರ ಮಂದವಾದಾಗ ಆ ಕೋಲೇ ಕೈಬಿಡುತ್ತದೆ.

ಉಷ್ಣವಲಯದ ನಮಗೆ ಇದು ಸಣ್ಣ ಮಾತಲ್ಲ. 1990ರ ಮುಂಗಾರಿನಲ್ಲಿ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ‘ಮಾಂಟ್‌ಬ್ಲೆಕ್ಸ್’ ಎಂಬ ಪ್ರಯೋಗವನ್ನು ನಡೆಸಲಾಯಿತು. ಇದರ ಹಿಂದಿದ್ದವರಲ್ಲಿ ಪ್ರಮುಖರು ಬೆಂಗಳೂರಿನ ರೊದ್ದಂ ನರಸಿಂಹ (1933–2020). ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗನೆಂದರೆ ನಮ್ಮ ಓದುಗರಿಗೆ ಇನ್ನಷ್ಟು ಹತ್ತಿರದವರಾದಾರು.

ಜೋಧಪುರದಲ್ಲಿ ಗಾಳಿ ಮಂದವಾಗಿದ್ದ ಗಳಿಗೆಗಳ ಅಳತೆಗಳನ್ನು ಪರಿಶೀಲಿಸಿ, ಕೆ. ಜಿ. ರಾವ್ ಮತ್ತು ನರಸಿಂಹ ಇವರು 2006ರಲ್ಲಿ ಪ್ರಕಟಿಸಿದ ನಿರ್ಣಯ ಸರಳವಾದುದು. ಮಂದಾನಿಲದಲ್ಲಿ ಕಾವಿನ ಪ್ರವಾಹವನ್ನು ನಿರ್ಧರಿಸುವುದು ಉಷ್ಣತೆಯ ಅಂತರ. ಗಾಳಿಯ ವೇಗಕ್ಕೆ ಅದರಲ್ಲಿ ಪಾತ್ರವಿಲ್ಲ. ಘರ್ಷಣೆಯಾದರೋ ವೇಗದ ವರ್ಗದಂತಲ್ಲ, ವೇಗದಂತೆಯೇ ಬೆಳೆಯುತ್ತದೆ. ಕಾರಣವೂ ಸ್ಪಷ್ಟ: ಅಲ್ಲಿ ಗಾಳಿಯನ್ನು ಕಲಕುವುದು ಅದರ ಓಟವಲ್ಲ, ನೆಲದಿಂದೇಳುವ ಬಿಸಿಯುಸಿರು. ಬೀಸುವ ಗಾಳಿಯ ವೇಗವನ್ನು ನೆಲಕ್ಕೆ ಇಳಿಸುವ ಕೆಲಸವೂ ಆ ಕಲಕಾಟದ್ದೇ. ಆದುದರಿಂದ ಅಳತೆಗೋಲನ್ನು ಘರ್ಷಣೆಯಿಂದಲ್ಲ, ಕಾವಿನ ಪ್ರವಾಹದಿಂದ ಕಟ್ಟಬೇಕೆಂದು ಅವರ ವಾದ. ಕಾನ್ಸಾಸನ್ನು ನಂಬಿದ್ದವರಿಗೆ ಇದು ಅಷ್ಟು ರುಚಿಸದಿದ್ದರೆ ಅಚ್ಚರಿಯಿಲ್ಲ.

ಮರುಭೂಮಿಯ ಅಂಚಿನ ಊರಿನ ಅಂಕಿಗಳನ್ನು ಕಡಲತಡಿಯ ನಗರಕ್ಕೆ ಹಾಗೆಯೇ ಹೊರಿಸುವುದು ನನಗೆ ಸರಿಕಾಣದು. ಚೆನ್ನೈಯಲ್ಲಿ ನಡುಹಗಲು ಕಡಲಗಾಳಿ ಬಲವಾಗಿ ನುಗ್ಗಿದರೆ ಹಳೆಯ ಸೂತ್ರಕ್ಕೇ ಮತ್ತೆ ಅಧಿಕಾರ ಬರುತ್ತದೆ. ಅದಕ್ಕೆ ಮೊದಲಿನ ಒಂದೆರಡು ಉಸಿರುಗಟ್ಟಿದ ತಾಸುಗಳು ಮಾತ್ರ ಹೊಸ ಸೂತ್ರದವು.