ಉಗಿಹಡಗಿನ ಸಿಹಿನೀರು

ಗಡಸು ನೀರು ಕಾಯಿಸುವ ಹಂಡೆಯ ಒಳಮೈಗೆ ಕಲ್ಲಿನಂತಹ ಬಿಳಿಯ ಹೊರೆ ಹತ್ತುವುದನ್ನು ನೀವು ಕಂಡಿರಬಹುದು. ಬಾವಿಯ ನೀರೇ ಹೀಗಾದರೆ, ಸಮುದ್ರದ ನೀರನ್ನೇ ಕುದಿಸಿ ಓಡುತ್ತಿದ್ದ ಉಗಿಹಡಗುಗಳ ಪಾಡೇನಿದ್ದೀತು?

ಜೇಮ್ಸ್ ವಾಟನು 1765ರಲ್ಲಿ ಎಂಜಿನ್ನಿನ ಉಗಿಯನ್ನು ತಣಿಸಲು ಬೇರೆಯೇ ಒಂದು ಪಾತ್ರೆಯನ್ನಿರಿಸಿದನೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅವನ ಮೊದಲ ಮಾದರಿಯಲ್ಲಿ ತೆಳುತಗಡಿನ ಕೊಳವೆಗಳು ತಣ್ಣೀರಿನಲ್ಲಿ ಮುಳುಗಿದ್ದುವು. ಆಮೇಲೆ ಅವನು ಅದನ್ನು ಬಿಟ್ಟು, ಉಗಿಯೊಳಕ್ಕೇ ತಣ್ಣೀರನ್ನು ಚಿಮ್ಮಿಸುವ ಸುಲಭಮಾರ್ಗವನ್ನು ಹಿಡಿದನು. ನೆಲದ ಮೇಲೆ ಇದು ನಡೆಯಿತು. ಕಡಲಿನಲ್ಲಾದರೋ ಚಿಮ್ಮಿಸುವ ನೀರೂ ಉಪ್ಪು, ಬಾಯ್ಲರಿಗೆ ಮರಳುವ ನೀರೂ ಉಪ್ಪು! ಕುದಿಯುವ ನೀರನ್ನು ಆಗಾಗ ಸಮುದ್ರಕ್ಕೆ ಚೆಲ್ಲಬೇಕು. ಅದರೊಡನೆ ಕಲ್ಲಿದ್ದಲಿನ ಶಾಖವೂ ನೀರುಪಾಲು. ಚೆಲ್ಲದಿದ್ದರೆ ಹೊರೆಗಟ್ಟಿದ ಬಾಯ್ಲರಿನ ತಗಡು ಮಿತಿಮೀರಿ ಕಾದು ಸೋಲುವುದು. ಒಲೆಯ ಮುಂದೆ ದುಡಿಯುವವರ ಪ್ರಾಣಕ್ಕೇ ಸಂಚಕಾರ.

ಇಂಗ್ಲೆಂಡಿನ ಸ್ಯಾಮ್ಯುಯೆಲ್ ಹಾಲನು 1834ರಲ್ಲಿ ಪೇಟೆಂಟು ಪಡೆದ ಕಂಡೆನ್ಸರಿನಲ್ಲಿ ಉಗಿಗೂ ಕಡಲನೀರಿಗೂ ನಡುವೆ ಸಣ್ಣ ಕೊಳವೆಗಳ ಗೋಡೆ ಬಂದಿತು. ತಣಿದ ಉಗಿ ಸಿಹಿನೀರಾಗಿಯೇ ಬಾಯ್ಲರಿಗೆ ಹಿಂದಿರುಗಿತು. 1838ರಲ್ಲಿ ಐರ್ಲೆಂಡಿನ ಕಾರ್ಕಿನಿಂದ 18 ದಿನಗಳಲ್ಲಿ ನ್ಯೂಯಾರ್ಕ್ ಸೇರಿದ ‘ಸಿರಿಯಸ್’ ಹಡಗಿನಲ್ಲಿ ಇದೇ ಏರ್ಪಾಡಿತ್ತು. ಆದರೆ ಎಂಜಿನ್ನಿಗೆ ಸವರಿದ ಕೊಬ್ಬು ಕೊಳವೆಗಳಿಗೆ ಮೆತ್ತಿತು, ಸಂದುಗಳು ಸೋರಿದುವು, ಎಂಜಿನಿಯರುಗಳು ಬೇಸತ್ತರು. ಅದು ಮತ್ತೆ ನೆಲೆಯೂರಿದ್ದು 1860ರ ದಶಕದಲ್ಲಿ, ಉಗಿಯ ಒತ್ತಡವೇರಿ ಉಪ್ಪುನೀರು ಸಲ್ಲದೆಂದಾದಾಗ. ಅವಸರವಿಲ್ಲದ ಕಾಲ ಎನ್ನೋಣವೇ?

ಮುಂದೆ ರೂಢಿಯಾದ ಕಂಡೆನ್ಸರುಗಳಲ್ಲಿ ಕಡಲನೀರು ಕೊಳವೆಗಳೊಳಗೆ, ಉಗಿ ಹೊರಗೆ. ತುದಿಯ ಪೆಟ್ಟಿಗೆಯಲ್ಲಿ ಒಂದು ಅಡ್ಡಗೋಡೆಯನ್ನಿಟ್ಟರೆ ನೀರು ಅರ್ಧ ಕೊಳವೆಗಳಲ್ಲಿ ಹೋಗಿ, ಆಚೆ ತುದಿಯಲ್ಲಿ ಹೊರಳಿ, ಉಳಿದರ್ಧದಲ್ಲಿ ಮರಳುತ್ತದೆ. ದಾರಿ ಅರ್ಧಕ್ಕಿಳಿದುದರಿಂದ ಅಷ್ಟೇ ನೀರಿನ ವೇಗ ಇಮ್ಮಡಿ. ವೇಗದ ನೀರು ಶಾಖವನ್ನು ಚುರುಕಾಗಿ ಸೆಳೆದೊಯ್ಯುತ್ತದೆ. ಸುಂಕ ತೆರುವುದು ಪಂಪು: ಹಾದಿ ಎರಡರಷ್ಟು, ಪ್ರತಿ ಅಡಿಯ ಘರ್ಷಣೆ ಸುಮಾರು ನಾಲ್ಕರಷ್ಟು, ಕೂಡಿದರೆ ಹೆಚ್ಚುಕಡಿಮೆ ಎಂಟರಷ್ಟು ಒತ್ತಡ ಬೇಕು.

ಉಗಿ ತಣಿಯುವಾಗ ಅದರ ಕಾವು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರು ಯಾವ ದಿಕ್ಕಿಗೆ ಹರಿದರೂ ಬಾಧಕವಿಲ್ಲ. ಎಣ್ಣೆಯನ್ನು ತಣಿಸುವಾಗ ಹಾಗಲ್ಲ. ಹೋಗುವ ನೀರು ಎಣ್ಣೆಗೆ ಎದುರಾದರೆ ಮರಳುವ ನೀರು ಅದರ ಜೊತೆಗೇ ಹರಿದು, ಲಾಭ ಒಂದಿಷ್ಟು ಕುಂದುತ್ತದೆ. ಎಷ್ಟು ಕುಂದುತ್ತದೆಂಬುದರ ನಕ್ಷೆಗಳನ್ನು ಅಮೆರಿಕದಲ್ಲಿ ಬೋಮನ್, ಮುಲ್ಲರ್, ನೇಗಲ್ ಎಂಬ ಮೂವರು 1940ರಲ್ಲಿ ಪ್ರಕಟಿಸಿದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಅವನ್ನು ತೆರೆದಿಟ್ಟುಕೊಂಡೇ ಲೆಕ್ಕ ಮಾಡುತ್ತಾರೆ.