ಆಳ್ವಿಕೆಯ ಬಗೆಗಳು ಮತ್ತು ಪ್ರಜೆಯ ಪಾಲು: ರಾಯದುರ್ಗ, ಮಡಕಶಿರಾ ಕನ್ನಡಿಗರು ತಿಳಿದಿರಬೇಕಾದ ಸಂಗತಿಗಳು

ಎಂಟನೆಯ, ಒಂಬತ್ತನೆಯ ತರಗತಿಯ ಸಮಾಜ ಪಾಠಗಳಲ್ಲಿ ರಾಜಪ್ರಭುತ್ವ, ಪ್ರಜಾಪ್ರಭುತ್ವ, ಏಕಪಕ್ಷ ಆಡಳಿತ ಎಂಬ ಪದಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ಆಡಳಿತಗಳಿಗೆ ಇರುವ ಮುಖ್ಯ ವ್ಯತ್ಯಾಸ ಯಾವುದು ಎಂಬುದನ್ನು ಮಾತ್ರ ಮನೆಯಲ್ಲಿ ಯಾರೂ ಚರ್ಚಿಸುವುದಿಲ್ಲ. ಪ್ರಜೆಯ ಮಾತು ಆಳುವವರನ್ನು ಯಾವ ದಾರಿಯಲ್ಲಿ ತಲುಪುತ್ತದೆ, ಅದನ್ನು ಕೇಳಲೇಬೇಕಾದ ಕಟ್ಟುಪಾಡು ಆಳುವವರಿಗೆ ಇದೆಯೇ ಎಂಬುದೇ ಆ ವ್ಯತ್ಯಾಸ. ನಮ್ಮ ಗಡಿನಾಡು ಎರಡು ಶತಮಾನಗಳ ಅವಧಿಯಲ್ಲಿ ಹಲವು ಬಗೆಯ ಆಳ್ವಿಕೆಗಳನ್ನು ಕಂಡಿದೆ. ಆದ್ದರಿಂದ ಈ ಪಾಠವನ್ನು ನಮ್ಮ ಊರಿನ ಚರಿತ್ರೆಯಿಂದಲೇ ಕಲಿಯಬಹುದು.

ಅರಸರ ಕಾಲ, ಕಂಪನಿಯ ಕಾಲ

ವಿಜಯನಗರದ ಅರಸರು, ಅವರ ನಂತರ ಪಾಳೆಯಗಾರರು ಆಳಿದ ಕಾಲದಲ್ಲಿ ಪ್ರಜೆಯು ಬಿನ್ನಹ ಮಾಡಿಕೊಳ್ಳಬಹುದಿತ್ತು. ಅದನ್ನು ಮನ್ನಿಸುವುದು, ಬಿಡುವುದು ದೊರೆಯ ಚಿತ್ತಕ್ಕೆ ಸೇರಿದ್ದಾಗಿತ್ತು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಹೀಗೆ ಒಡೆತನ ಬದಲಾಗುವಾಗ ಪ್ರಜೆಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ದತ್ತಮಂಡಲದ ಪ್ರಧಾನ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದನು. ಮಧ್ಯವರ್ತಿಗಳಿಲ್ಲದೆ ಸರ್ಕಾರವೇ ರೈತನೊಡನೆ ನೇರವಾಗಿ ವ್ಯವಹರಿಸಿತು. ಆದರೆ ಕಂದಾಯ ಎಷ್ಟಿರಬೇಕೆಂಬುದನ್ನು ನಿರ್ಧರಿಸುವಲ್ಲಿ ರೈತನಿಗೆ ಮತವಿರಲಿಲ್ಲ. ಮುಂದೆ 1919 ಮತ್ತು 1935ರ ಕಾಯಿದೆಗಳ ಅಡಿಯಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಚುನಾವಣೆಗಳು ನಡೆದರೂ ಮತದಾನವು ಬಹುಮಟ್ಟಿಗೆ ಆಸ್ತಿ, ತೆರಿಗೆ, ವಿದ್ಯಾಭ್ಯಾಸಗಳ ಅರ್ಹತೆ ಉಳ್ಳವರಿಗೇ ಮೀಸಲಾಗಿತ್ತು.

ಅದೇ ಕಾಲದಲ್ಲಿ ಮಡಕಶಿರೆಯ ನೆರೆಯ ಶಿರಾ, ಪಾವಗಡ, ಮಧುಗಿರಿ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 144 ಸದಸ್ಯರು ಕೂಡಿದ ಮೊದಲ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ; ದಿವಾನರ ವರದಿಯನ್ನು ಕೇಳಿ ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡುವುದಷ್ಟೇ ಅದರ ಕೆಲಸವಾಗಿತ್ತು. 1923ರಲ್ಲಿ ಆ ಸಭೆಗೆ ಶಾಸನಬದ್ಧ ಸ್ಥಾನ ದೊರೆಯಿತು. ಅರಸರ ಆಳ್ವಿಕೆಯಲ್ಲಿಯೂ ಪ್ರಜೆಯ ಮಾತಿಗೆ ಒಂದು ನಿಯತ ಸ್ಥಳ, ನಿಯತ ಸಮಯ ಇರಬಹುದೆಂಬುದಕ್ಕೆ ಇದು ನಿದರ್ಶನ. ಒಂದೇ ಭಾಷೆಯಾಡುವ, ಪರಸ್ಪರ ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ಹಾದುಹೋದ ಗಡಿಯು ಪ್ರಜೆಯ ಪಾಲನ್ನೂ ಎರಡು ಬಗೆಯಾಗಿಸಿತ್ತು.

ಗಣರಾಜ್ಯ ಮತ್ತು ಎಣಿಕೆಯ ಪ್ರಶ್ನೆ

ಭಾರತದ ಸಂವಿಧಾನವು ಆಸ್ತಿ, ಜಾತಿ, ಲಿಂಗ, ಅಕ್ಷರಜ್ಞಾನಗಳ ಭೇದವಿಲ್ಲದೆ ವಯಸ್ಕರೆಲ್ಲರಿಗೂ ಮತಾಧಿಕಾರ ನೀಡಿತು. 1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. 1989ರಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಒಂದು ಮತದ ಬೆಲೆ ಎಷ್ಟೆಂಬುದನ್ನು 2024ರ ವಿಧಾನಸಭಾ ಚುನಾವಣೆಯಲ್ಲಿ ಮಡಕಶಿರಾ ಕ್ಷೇತ್ರವೇ ತೋರಿಸಿಕೊಟ್ಟಿತು. ಅಲ್ಲಿನ ಫಲಿತಾಂಶವು ನಾನೂರಕ್ಕಿಂತಲೂ ಕಡಿಮೆ ಮತಗಳ ಅಂತರದಲ್ಲಿ ನಿರ್ಧಾರವಾಯಿತು.

ಆದರೆ ಬಹುಮತದ ಆಡಳಿತದಲ್ಲಿ ಅಲ್ಪಸಂಖ್ಯಾತರಿಗೆ ಒಂದು ಸಹಜವಾದ ತೊಡಕು ಇದೆ. ಎಷ್ಟೇ ಚುನಾವಣೆಗಳು ನಡೆದರೂ ಎಣಿಕೆಯಲ್ಲಿ ಅವರು ಕಡಿಮೆಯಾಗಿಯೇ ಉಳಿಯುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಸೇರಿದವು. ರಾಯದುರ್ಗವು ಅನಂತಪುರ ಜಿಲ್ಲೆಯ ಭಾಗವಾಯಿತು. ಜನಮತಗಣನೆ ನಡೆಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗವು ದೇಶವನ್ನು ಸುತ್ತಿ 1,52,250 ಲಿಖಿತ ಮನವಿಗಳನ್ನು ಸ್ವೀಕರಿಸಿತು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿತು. ಗಡಿಯನ್ನು ಎಲ್ಲಿ ಎಳೆದರೂ ಎರಡೂ ಕಡೆ ಭಾಷಾ ಅಲ್ಪಸಂಖ್ಯಾತರು ಉಳಿದೇ ಉಳಿಯುವರೆಂಬುದನ್ನು ಅರಿತು ಅವರ ರಕ್ಷಣೆಗೆ ಶಿಫಾರಸು ಮಾಡಿತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯಲ್ಲಿ ಎರಡು ವಿಧಿಗಳು ಸಂವಿಧಾನಕ್ಕೆ ಸೇರಿದವು. 350ಎ ವಿಧಿಯು ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆನ್ನುತ್ತದೆ. 350ಬಿ ವಿಧಿಯು ರಾಷ್ಟ್ರಪತಿಗಳು ನೇಮಿಸುವ ವಿಶೇಷಾಧಿಕಾರಿಯನ್ನು ಕುರಿತದ್ದು. ಅವರೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರು. ಅವರ ವರದಿಯನ್ನು ಸಂಸತ್ತಿನ ಉಭಯ ಸದನಗಳ ಮುಂದೆ ಇಡಬೇಕು. ಮತ ಎಣಿಕೆಯಲ್ಲಿ ಸೋಲುವವನ ಮಾತನ್ನೂ ಆಳುವವರಿಗೆ ತಲುಪಿಸುವುದು ಈ ವಿಧಿಗಳ ಉದ್ದೇಶ.

ಬೇರೆ ದೇಶಗಳಲ್ಲಿ

ಜಗತ್ತಿನ ಇತರ ಕಡೆಗಳಲ್ಲಿಯೂ ಪ್ರಜೆಯ ಪಾಲು ಒಂದೇ ಸಮನಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸಂಸತ್ತು ಮಾಡಿದ ಕಾನೂನನ್ನು 100 ದಿನಗಳೊಳಗೆ 50,000 ಮತದಾರರ ಸಹಿ ಕೂಡಿಸಿದರೆ ಜನಮತಕ್ಕೆ ಹಾಕಲೇಬೇಕು. ಗ್ಲಾರುಸ್ ಎಂಬ ಪ್ರಾಂತ್ಯದಲ್ಲಿ ಮತದಾರರು ಇಂದಿಗೂ ವರ್ಷಕ್ಕೊಮ್ಮೆ ಬಯಲಿನಲ್ಲಿ ನೆರೆದು ಕೈಯೆತ್ತಿ ತೀರ್ಮಾನ ಮಾಡುತ್ತಾರೆ. ಆ ದೇಶದಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕೂ ರಾಷ್ಟ್ರಭಾಷೆಗಳೇ. ಚೀನಾದಲ್ಲಿ ಪ್ರಜೆಗಳು ಕೆಳಹಂತದ ಜನಪ್ರತಿನಿಧಿ ಸಭೆಗಳಿಗೆ ಮಾತ್ರ ನೇರವಾಗಿ ಮತ ಹಾಕುತ್ತಾರೆ. ಮೇಲಿನ ಹಂತಗಳ ಆಯ್ಕೆ ಪರೋಕ್ಷವಾದದ್ದು, ಅಧಿಕಾರವು ಒಂದೇ ಪಕ್ಷದ ಕೈಯಲ್ಲಿದೆ. ಸೌದಿ ಅರೇಬಿಯದಲ್ಲಿ ಸಮಾಲೋಚನಾ ಸಭೆಯ ಸದಸ್ಯರನ್ನು ದೊರೆಯೇ ನೇಮಿಸುತ್ತಾನೆ. ಸಭೆ ಎಂಬ ಹೆಸರು ಎಲ್ಲೆಡೆಯೂ ಇದೆ. ಅದರಲ್ಲಿ ಕುಳಿತವರನ್ನು ಬದಲಿಸುವ ಶಕ್ತಿ ಪ್ರಜೆಗಿದೆಯೇ ಎಂಬುದನ್ನು ನೋಡಿದಾಗಲೇ ಆಳ್ವಿಕೆಯ ಬಗೆ ತಿಳಿಯುತ್ತದೆ.

ನಮಗೆ ತೆರೆದಿರುವ ಬಾಗಿಲುಗಳು

ಐದು ವರ್ಷಕ್ಕೊಮ್ಮೆ ಬರುವ ಮತದಾನದ ಹೊರತಾಗಿ ಕನ್ನಡ ಶಾಲೆಯ ಪೋಷಕರಿಗೆ ಈ ಅವಕಾಶಗಳಿವೆ.

ಗ್ರಾಮಸಭೆ: 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲಿ ಸ್ಥಾನ ನೀಡಿತು. ಗ್ರಾಮದ ಮತದಾರರೆಲ್ಲರೂ ಅದರ ಸದಸ್ಯರು. ಶಾಲೆಯ ಕೊಠಡಿ, ಕುಡಿಯುವ ನೀರು, ಕನ್ನಡ ನಾಮಫಲಕಗಳ ವಿಷಯವನ್ನು ಅಲ್ಲಿ ಎತ್ತಬಹುದು.

ಶಾಲಾ ನಿರ್ವಹಣಾ ಸಮಿತಿ: 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಈ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಅದರ ಕರ್ತವ್ಯ. ಕನ್ನಡ ಪಠ್ಯಪುಸ್ತಕದ ವಿಳಂಬ, ಶಿಕ್ಷಕರ ಕೊರತೆಗಳು ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರಹವಾಗಿ ದಾಖಲಾಗಬೇಕು. ಬಾಯಿಮಾತಿನ ದೂರು ಮೇಲಿನ ಕಚೇರಿಯನ್ನು ತಲುಪುವುದಿಲ್ಲ.

ಮನವಿ: 350ನೆಯ ವಿಧಿಯಂತೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದುದರಿಂದ ಕಲೆಕ್ಟರ್ ಕಚೇರಿಯಲ್ಲಿ ಸೋಮವಾರ ನಡೆಯುವ ಅಹವಾಲು ಸ್ವೀಕಾರಕ್ಕೆ ಕನ್ನಡದಲ್ಲಿಯೇ ಅರ್ಜಿ ಬರೆದುಕೊಂಡು ಹೋಗಬಹುದು. ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಈ ವಿಧಿಯು ಹೇಳುವುದಿಲ್ಲ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿಯವರು ಪುಟ್ಟಪರ್ತಿಗೂ ರಾಯದುರ್ಗದವರು ಅನಂತಪುರಕ್ಕೂ ಹೋಗಬೇಕು.

ಮಾಹಿತಿ ಹಕ್ಕು: 2005ರ ಈ ಕಾಯಿದೆಯಲ್ಲಿ ಅರ್ಜಿಯ ಭಾಷೆಯ ನಿಯಮ ಬೇರೆ. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಇರಬೇಕು. ಮಂಜೂರಾದ ಕನ್ನಡ ಶಿಕ್ಷಕರ ಹುದ್ದೆಗಳೆಷ್ಟು, ಖಾಲಿ ಎಷ್ಟು ಎಂದು ಕೇಳುವವರು ತೆಲುಗಿನಲ್ಲಿ ಬರೆಯುವುದು ಸೂಕ್ತ.

ಮಕ್ಕಳ ಸಂಖ್ಯೆಯೇ ಮಾತು

ಇಲ್ಲಿಯೇ ನಮ್ಮ ನಿಜವಾದ ಪರೀಕ್ಷೆ ಇದೆ. 1949ರ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಬೋಧಿಸಲು ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕೆಂಬ ಸೂತ್ರವನ್ನು ಒಪ್ಪಿತು. ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಮಾತು ಬಂದಾಗಲೆಲ್ಲ ಈ ಸೂತ್ರವನ್ನೇ ಉಲ್ಲೇಖಿಸಲಾಗುತ್ತದೆ. ಅಂದರೆ ದಾಖಲಾತಿ ಪುಸ್ತಕದಲ್ಲಿರುವ ಹೆಸರುಗಳೇ ನಮ್ಮ ಬೇಡಿಕೆಯ ಆಧಾರ.

2019ರ ನವೆಂಬರಿನಲ್ಲಿ ಆಂಧ್ರಪ್ರದೇಶ ಸರ್ಕಾರವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. 2020ರ ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು. ಆ ಬಳಿಕ ಸರ್ಕಾರವು ಪೋಷಕರಿಂದ ಬರಹದಲ್ಲಿ ಆಯ್ಕೆಯನ್ನು ಪಡೆಯಿತು; ಬಹುಪಾಲು ಪೋಷಕರು ಇಂಗ್ಲಿಷ್ ಮಾಧ್ಯಮವನ್ನೇ ಗುರುತಿಸಿದರು. ಅದಕ್ಕೂ ಮೊದಲು, 2014ರ ಮೇ 6ರಂದು, ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಮಗುವಿನ ಪರವಾಗಿ ಪೋಷಕರದೆಂದು ಹೇಳಿತ್ತು. ಈ ತೀರ್ಪು ನಮಗೆ ಇಷ್ಟವಾದರೂ ಆಗದಿದ್ದರೂ ಅದರ ಅರ್ಥ ಸ್ಪಷ್ಟವಾಗಿದೆ. ಕನ್ನಡ ಮಾಧ್ಯಮದ ಅಳಿವು ಉಳಿವುಗಳ ನಿರ್ಧಾರದಲ್ಲಿ ದೊಡ್ಡ ಪಾಲು ಈಗ ಪೋಷಕರ ಸಹಿಗೆ ಬಂದಿದೆ.

ಇಂಗ್ಲಿಷ್ ಕಲಿಸಬೇಕೆಂಬ ತಾಯಿತಂದೆಯರ ಹಂಬಲ ತಪ್ಪಲ್ಲ. ಕನ್ನಡ ಮಾಧ್ಯಮದಲ್ಲಿ ಓದುತ್ತಲೇ ಇಂಗ್ಲಿಷನ್ನೂ ತೆಲುಗನ್ನೂ ಚೆನ್ನಾಗಿ ಕಲಿಸಿರೆಂದು ಸಮಿತಿಯಲ್ಲಿ ಒತ್ತಾಯಿಸುವುದು ಅವರ ಹಕ್ಕು. ಒತ್ತಾಯಿಸದೆ ಮಗುವನ್ನು ಬಿಡಿಸಿಕೊಂಡು ಹೋದರೆ ಒಂದು ಹೆಸರಿನೊಂದಿಗೆ ಉಳಿದವರ ಹಕ್ಕಿನ ಆಧಾರವೂ ಕುಸಿಯುತ್ತದೆ. ಹತ್ತು ಮಕ್ಕಳಿದ್ದ ತರಗತಿ ಒಂಬತ್ತಕ್ಕೆ ಇಳಿದ ದಿನ ಶಿಕ್ಷಕರನ್ನು ಕೇಳುವ ನಮ್ಮ ದನಿಯೂ ಇಳಿಯುತ್ತದೆ.

ದೊರೆಯ ಕಾಲದಲ್ಲಿ ನಮ್ಮ ಹಿರಿಯರಿಗೆ ಬಿನ್ನಹವಷ್ಟೇ ಇತ್ತು. ನಮಗೆ ಮತವಿದೆ, ಸಭೆಯಿದೆ, ಸಮಿತಿಯಿದೆ, ನಮ್ಮ ಭಾಷೆಯಲ್ಲಿಯೇ ಮನವಿ ಬರೆಯುವ ಹಕ್ಕಿದೆ. ಮುಂದಿನ ಬಾರಿ ಶಾಲೆಯಿಂದ ಸಮಿತಿಯ ಸಭೆಗೆ ಕರೆ ಬಂದಾಗ ಮನೆಗೊಬ್ಬರಾದರೂ ಹೋಗಿರಿ. ನಡಾವಳಿಯನ್ನು ಓದಿಸಿ ಕೇಳಿ, ಒಪ್ಪಿಗೆಯಾದ ಮೇಲೆಯೇ ಸಹಿ ಮಾಡಿರಿ. ಆ ಸಹಿಯನ್ನು ಕನ್ನಡದಲ್ಲಿ ಮಾಡಿರಿ.