ಕಲಿಸಲು ಬಂದವರು ಕಲಿತ ನುಡಿ



ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ. ಗಡಿಯೂರಿನ ನಮಗೆ ಇದು ಹೊಸದಲ್ಲ. ಇದೇ ಪಾಡನ್ನು ಕಂಡ ದೂರದ ಜನರೊಬ್ಬರ ಕಥೆಯನ್ನು ಇಂದು ಕೇಳೋಣ. ಅವರು ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ. ಮಿಸಿಸಿಪಿ ಸೀಮೆಯಲ್ಲಿ ಮುಸುಕಿನ ಜೋಳ ಬೆಳೆದುಕೊಂಡು ತಲೆಮಾರುಗಳಿಂದ ಬಾಳಿದವರು.

1818ರಲ್ಲಿ ಅವರ ನಾಡಿಗೆ ಅಮೆರಿಕನ್ ಬೋರ್ಡ್ ಎಂಬ ಕ್ರೈಸ್ತ ಸಂಸ್ಥೆಯ ಮಿಷನರಿಗಳು ಬಂದರು. ಮುಂಬಯಿಗೂ, ಮುಂದೆ ನಮ್ಮ ಸೋಲಾಪುರಕ್ಕೂ ಮಿಷನರಿಗಳನ್ನು ಕಳುಹಿಸಿದ್ದು ಇದೇ ಸಂಸ್ಥೆ. ಚಾಕ್ಟಾ ಶಾಲೆಗಳಲ್ಲಿ ಮೊದಮೊದಲು ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಮಕ್ಕಳು ಅಕ್ಷರ ಓದುತ್ತಿದ್ದರು, ಅರ್ಥ ಮಾತ್ರ ತಿಳಿಯುತ್ತಿರಲಿಲ್ಲ.

ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಬಂದ ಸೈರಸ್ ಬೈಯಿಂಗ್ಟನ್ ವಕೀಲಿಕೆ ಬಿಟ್ಟವರು. ಊರಿಗೆ ಮೇಷ್ಟ್ರಾಗಿ ಬಂದವರು ತಾವೇ ವಿದ್ಯಾರ್ಥಿಯಾಗಿ ಕುಳಿತರು. ಡೇವಿಡ್ ಫಾಲ್ಸಮ್‌ರಂಥ ಚಾಕ್ಟಾ ಮುಖಂಡರು ಅವರಿಗೆ ನುಡಿ ಕಲಿಸಿದರು. ಬೈಯಿಂಗ್ಟನ್ ಮತ್ತು ಅವರ ಸಂಗಡಿಗ ಆಲ್ಫ್ರೆಡ್ ರೈಟ್ ಸಿದ್ಧಪಡಿಸಿದ ಚಾಕ್ಟಾ ಕಾಗುಣಿತ ಪುಸ್ತಕ 1825ರಲ್ಲಿ ಅಚ್ಚಾಯಿತು. ಜನರನ್ನು ಮತಾಂತರಿಸುವುದೇ ಅವರ ಉದ್ದೇಶವಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಅಕ್ಷರ ಚಾಕ್ಟಾ ಜನರ ಸ್ವಂತ ಆಸ್ತಿಯೂ ಆಯಿತು.

1830ರ ಒಪ್ಪಂದದಿಂದ ಸರ್ಕಾರ ಅವರ ಉಳಿದ ನೆಲವನ್ನೂ ಕಸಿದುಕೊಂಡಿತು. ಚಳಿಯಲ್ಲಿ, ಕಾಲರಾದ ನಡುವೆ, ಸಾವಿರಾರು ಜನ ನೂರಾರು ಮೈಲಿ ಪಶ್ಚಿಮಕ್ಕೆ, ಇಂದಿನ ಓಕ್ಲಹೋಮಕ್ಕೆ ನಡೆದರು. ದಾರಿಯಲ್ಲಿ ಸತ್ತವರೆಷ್ಟೋ! ಬೈಯಿಂಗ್ಟನ್ ದಂಪತಿಯೂ 1835ರಲ್ಲಿ ಅಲ್ಲಿಗೇ ಹೋಗಿ ನೆಲೆಸಿದರು. ಹೊಸ ನಾಡಿನಲ್ಲಿ ಚಾಕ್ಟಾ ಸಭೆಯು 1842ರಲ್ಲಿ ತನ್ನದೇ ಶಾಲಾ ಕಾನೂನು ಮಾಡಿತು. ಹೆಣ್ಣುಮಕ್ಕಳಿಗೂ ಶಾಲೆಗಳನ್ನು ತೆರೆಯಿತು.

ಬೈಯಿಂಗ್ಟನ್ ತಮ್ಮ ವ್ಯಾಕರಣವನ್ನು ತಿದ್ದುತ್ತಲೇ ಇದ್ದರು. ಏಳನೆಯ ತಿದ್ದುಪಡಿ ಮುಗಿಯುವ ಮೊದಲೇ, 1868ರ ಡಿಸೆಂಬರ್ 31ರಂದು ತೀರಿಕೊಂಡರು. ವ್ಯಾಕರಣ 1870ರಲ್ಲಿ, ನಿಘಂಟು 1915ರಲ್ಲಿ ಹೊರಬಂದವು. ಅಷ್ಟರಲ್ಲಿ ಮಿಷನ್ ಶಾಲೆಯಲ್ಲಿ ಓದಿದ ಚಾಕ್ಟಾ ಮುಖಂಡ ಅಲೆನ್ ರೈಟ್ 1880ರಲ್ಲೇ ತಮ್ಮ ನಿಘಂಟು ಪ್ರಕಟಿಸಿದ್ದರು. ಓಕ್ಲಹೋಮ ಎಂಬ ಹೆಸರು ಸೂಚಿಸಿದವರೂ ಅವರೇ. ಚಾಕ್ಟಾ ನುಡಿಯಲ್ಲಿ ಅದಕ್ಕೆ ‘ಕೆಂಪು ಜನ’ ಎಂದರ್ಥ.

ಮುಂದೆ ಸರ್ಕಾರಿ ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳು ತಾಯ್ನುಡಿ ಆಡಿದರೆ ಶಿಕ್ಷೆಯಾಗುತ್ತಿತ್ತು. ಅದೇ ಸರ್ಕಾರಕ್ಕೆ 1918ರಲ್ಲಿ, ಫ್ರಾನ್ಸಿನ ರಣರಂಗದಲ್ಲಿ, ಚಾಕ್ಟಾ ನುಡಿ ಬೇಕಾಯಿತು. ಚಾಕ್ಟಾ ಸೈನಿಕರು ಫೋನಿನಲ್ಲಿ ಮಾತಾಡಿದ್ದು ಕದ್ದು ಕೇಳುವ ಶತ್ರುವಿಗೆ ತಿಳಿಯಲಿಲ್ಲ. ಫಿರಂಗಿಗೆ ಅವರು ‘ದೊಡ್ಡ ಬಂದೂಕು’ ಎನ್ನುತ್ತಿದ್ದರು.

ಬಂಧುಗಳೇ, ಆ ಸೈನಿಕರು ನಿಘಂಟು ನೋಡಿ ಮಾತಾಡಲಿಲ್ಲ. ಮನೆಯಲ್ಲಿ ಕಲಿತದ್ದನ್ನೇ ಆಡಿದರು. ಮೇಷ್ಟ್ರ ಪುಸ್ತಕ ನುಡಿಗೆ ದಾಖಲೆಯಾಯಿತು, ಹೆತ್ತವರ ಮಾತು ಅದಕ್ಕೆ ಉಸಿರಾಯಿತು. ಶಾಲೆಯ ನುಡಿಯನ್ನು ನಾವು ಚೆನ್ನಾಗಿ ಕಲಿಯೋಣ. ಮಕ್ಕಳೊಡನೆ ಮನೆಯಲ್ಲಿ ಕನ್ನಡ ಆಡುವುದನ್ನು ಮಾತ್ರ ಬಿಡದಿರೋಣ.